ನೋವಿಗೆ ಗಾಂಜಾ ಔಷಧಿ ಸಿಗಬೇಕು ಎಂದು ಕೆಲವರು ಅಷ್ಟು ಗಟ್ಟಿಯಾಗಿ ಹೇಳುವುದೇಕೆ?

ಹೆಚ್ಚಿನವರು ಈ ನಿಲುವಿಗೆ ಬರುವುದು ವಾದ ಕೇಳಿ ಅಲ್ಲ, ಮನೆಯವರು ನರಳುವುದನ್ನು ನೋಡಿ. ನನ್ನದೂ ಅದೇ. ಕೀಮೋಥೆರಪಿಯಿಂದ ನರಗಳು ಹಾಳಾಗಿದ್ದ ಅಕ್ಕನಿಗೆ ಹೊದಿಕೆಯ ಅಂಚು ಪಾದಕ್ಕೆ ತಗುಲಿದರೂ ಕೆಂಡ ಮುಟ್ಟಿದಂತೆ ಉರಿಯುತ್ತಿತ್ತು. ಮಾರ್ಫಿನ್ ಕೊಟ್ಟರೆ ದಿನವಿಡೀ ಮಂಪರು, ಮಲಬದ್ಧತೆ. ಅಷ್ಟಾಗಿಯೂ ನರದ ನೋವು ಪೂರ್ತಿ ಬಗ್ಗುತ್ತಿರಲಿಲ್ಲ.

ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ರಾಸಾಯನಿಕ ಮೆದುಳು, ಬೆನ್ನುಹುರಿಯಲ್ಲಿರುವ ಸಿಬಿ1 ಗ್ರಾಹಕಗಳ (ಜೀವಕೋಶಗಳಲ್ಲಿ ಸಂದೇಶ ಹಿಡಿಯುವ ಅಣುಗಳ) ಮೇಲೆ ಕೆಲಸ ಮಾಡಿ ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಉಸಿರಾಟ ನಿಯಂತ್ರಿಸುವ ಮೆದುಳುಕಾಂಡದಲ್ಲಿ ಈ ಗ್ರಾಹಕಗಳು ಬಹಳ ಕಡಿಮೆ. ಹಾಗಾಗಿ ಮಾರ್ಫಿನ್‌ನಂಥ ಓಪಿಯಾಯ್ಡ್ ಔಷಧಿ ಹೆಚ್ಚಾದಾಗ ಉಸಿರು ನಿಲ್ಲುವಂಥ ಅಪಾಯ ಇದರಲ್ಲಿ ತೀರಾ ಕಡಿಮೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಕಾರಣ ಇದೇ.

ಪುರಾವೆ ಇದೆಯೇ ಅಂದರೆ, ಇದೆ, ಆದರೆ ಒಮ್ಮತವಿಲ್ಲ. ವಯಸ್ಕರ ದೀರ್ಘಕಾಲದ ನೋವಿಗೆ ಉಪಯೋಗವಾಗುತ್ತದೆ ಎಂದು ಅಮೆರಿಕದ ವಿಜ್ಞಾನ ಸಂಸ್ಥೆ ನ್ಯಾಷನಲ್ ಅಕಾಡೆಮೀಸ್ 2017ರಲ್ಲಿ ಹೇಳಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ, ಸಾಮಾನ್ಯ ಬಳಕೆಗೆ ಸಾಕ್ಷ್ಯ ಸಾಲದು ಎಂದಿತು. ತಲೆಸುತ್ತು, ನಿದ್ದೆಗಣ್ಣು ಬರುತ್ತವೆ. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಇತಿಹಾಸವಿದ್ದವರಿಗಂತೂ ಬೇಡವೇ ಬೇಡ. ಆದ್ದರಿಂದ ನಾವು ಕೇಳುತ್ತಿರುವುದು ಸೇದುವ ಹೊಗೆಯನ್ನಲ್ಲ. ಬೇರೆಲ್ಲ ಔಷಧಿ ಸೋತವರಿಗೆ ವೈದ್ಯರು ಪ್ರಮಾಣ ನೋಡಿ ಬರೆದುಕೊಡುವ ತೈಲ, ಸ್ಪ್ರೇ, ಮಾತ್ರೆಗಳನ್ನು.