ಜ್ಯಾಂಗೋ ಬಗ್ಗೆ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ಹನಿ ಹನಿಗೂಡಿದರೆ ಹಳ್ಳ: ಜ್ಯಾಂಗೋ ಬೆಳೆದ ಕಥೆ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಿ ಎಂದೂ ಹೇಳಲಾರೆ. ಒಂದು ವೆಬ್ ಫ್ರೇಮ್‌ವರ್ಕ್‌ನ, ಅಂದರೆ ವೆಬ್‌ಸೈಟ್ ಕಟ್ಟಲು ಬೇಕಾದ ಸಿದ್ಧ ಕೋಡಿನ ಕಟ್ಟಿನ, ಕಥೆಯನ್ನು ಕನ್ನಡದಲ್ಲಿ ಬರೆಯಲು ಕೂರುವವರು ಕಡಿಮೆ. ನಿಮ್ಮ ಭಾಷೆಯೂ ಸಲೀಸಾಗಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನೀವು ಮೊದಲು ಜ್ಯಾಂಗೋ ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಎಂದು ಪರಿಚಯ ಮಾಡಿಕೊಡುತ್ತೀರಿ. ಆಮೇಲೆ 1.0ರಿಂದ ಹಿಡಿದು ಯಾವ ಆವೃತ್ತಿಯಲ್ಲಿ ಏನು ಸೇರಿತು ಎಂಬ ಪಟ್ಟಿ ಶುರುವಾಗುತ್ತದೆ. ಲೇಖನದ ಮುಕ್ಕಾಲು ಭಾಗ ಅದೇ. ಇನ್‌ಸ್ಟಾಗ್ರಾಂ ಇದನ್ನು ಬಳಸಿದೆ ಎಂಬ ಮಾತು ಮೂರು ಕಡೆ ಬರುತ್ತದೆ. ಕಡೆಗೆ ಒಂದೇ ಪ್ಯಾರಾದಲ್ಲಿ, ‘ಸಾವಿರಾರು ಸ್ವಯಂಸೇವಕರ ನಿಸ್ವಾರ್ಥ ಸೇವೆಯಿಂದ ಈ ಮಹಾವೃಕ್ಷ ಬೆಳೆದು ನಿಂತಿದೆ’ ಎಂದು ಮುಗಿಸುತ್ತೀರಿ.

ನೀವು ಬರೆಯಬೇಕಾದ ಲೇಖನ ಆ ಕಡೇ ಪ್ಯಾರಾದೊಳಗೆ ಸಿಕ್ಕಿಕೊಂಡಿದೆ. ಆವೃತ್ತಿಗಳ ಪಟ್ಟಿ ಯಾರಿಗೆ ಬೇಕೋ ಅವರು ಜ್ಯಾಂಗೋದ ದಸ್ತಾವೇಜಿನಲ್ಲೇ ಓದಿಕೊಳ್ಳುತ್ತಾರೆ. ಅಲ್ಲಿ ನಿಮ್ಮ ಪಟ್ಟಿಗಿಂತ ಚೆನ್ನಾಗಿದೆ. ಆದರೆ ಆ ಸಾವಿರಾರು ಜನ ಬಂದಾಗ ಅವರ ಕೆಲಸವನ್ನು ಯಾರು ನೋಡಿದರು, ಯಾರು ಒಪ್ಪಿದರು, ಯಾರು ‘ಇದು ಸರಿಯಿಲ್ಲ, ಹೀಗೆ ಮಾಡಿ ತನ್ನಿ’ ಎಂದು ವಾಪಸ್ ಕಳಿಸಿದರು? ಇದರ ಬಗ್ಗೆ ನಿಮ್ಮಲ್ಲಿ ಒಂದು ವಾಕ್ಯವೂ ಇಲ್ಲ. ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ನಲ್ಲಿ, ಕೋಡ್ ಕೊಡುವವರಿಗೆ ಬರವಿಲ್ಲ. ಕೊಟ್ಟದ್ದನ್ನು ಕೂತು ಓದುವವರು ಸಿಗುವುದು ಕಷ್ಟ. ಜ್ಯಾಂಗೋ ಇಪ್ಪತ್ತು ವರ್ಷ ದಾಟಿಯೂ ಗಟ್ಟಿಯಾಗಿ ನಿಂತಿದ್ದರೆ, ಬಂದವರನ್ನು ಬರಮಾಡಿಕೊಳ್ಳುವ ಏರ್ಪಾಡನ್ನು ಅದು ಮತ್ತೆ ಮತ್ತೆ ಬದಲಾಯಿಸಿಕೊಂಡಿತು ಎನ್ನುವುದು ಮುಖ್ಯ ಕಾರಣ. ನನ್ನ ತಕರಾರೆಲ್ಲ ಇದೊಂದೇ.

ಶುರುವಿನಿಂದಲೇ ನೋಡೋಣ. ‘2005ರಲ್ಲಿ ಅಮೆರಿಕದಲ್ಲಿ ಜನಿಸಿತು’ ಎಂದಿದ್ದೀರಿ. ಹುಟ್ಟಿದ್ದು ಒಂದು ಪತ್ರಿಕಾ ಕಚೇರಿಯಲ್ಲಿ! ಅಷ್ಟು ಒಳ್ಳೆಯ ಸಂಗತಿಯನ್ನು ಯಾಕೆ ಬಿಟ್ಟಿರಿ? ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರು. ಅಲ್ಲಿನ ದಿನಪತ್ರಿಕೆ ಲಾರೆನ್ಸ್ ಜರ್ನಲ್-ವರ್ಲ್ಡ್. ಅದರ ವೆಬ್ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಕೆಲಸ ಮಾಡುತ್ತಿದ್ದರು. ಬ್ರಿಟನ್ನಿನಿಂದ ಒಂದು ವರ್ಷದ ಇಂಟರ್ನ್‌ಶಿಪ್‌ಗೆ ಬಂದ ಸೈಮನ್ ವಿಲಿಸನ್ ಅವರ ಜೊತೆಗಿದ್ದರು. 2003ರಲ್ಲಿ ಇಬ್ಬರೂ ಪಿಎಚ್‌ಪಿ ಎಂಬ ಭಾಷೆ ಬಿಟ್ಟು ಪೈಥಾನ್ ಹಿಡಿದರು. ಸುದ್ದಿಮನೆಯವರಿಗೆ ಹೊಸ ಪುಟ ಬೇಕೆಂದರೆ ಕೆಲವು ದಿನಗಳಲ್ಲಿ ಬೇಕು, ಒಮ್ಮೊಮ್ಮೆ ಕೆಲವೇ ಗಂಟೆಗಳಲ್ಲಿ ಬೇಕು. ಬೇಗ ಮುಗಿಸಲೇಬೇಕಾದ ಕಾರಣಕ್ಕೆ, ಪ್ರತಿ ಸಲ ಬೇಕಾಗುವ ತುಂಡುಗಳನ್ನು ಒಂದು ಕಡೆ ಎತ್ತಿಟ್ಟುಕೊಳ್ಳುತ್ತಾ ಹೋದರು. ಆ ರಾಶಿಯೇ ಜ್ಯಾಂಗೋ. ಸೈಮನ್ ವಾಪಸ್ ಹೋದ ಮೇಲೆ ಜೇಕಬ್ ಕ್ಯಾಪ್ಲನ್-ಮಾಸ್ ಸೇರಿಕೊಂಡರು. 2005ರ ಜುಲೈನಲ್ಲಿ ಬಿಎಸ್‌ಡಿ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಅವರದ್ದು.

ಜ್ಯಾಂಗೋದ ಅಡ್ಮಿನ್ ಪುಟವನ್ನು ನೀವು ‘ವಿಶಿಷ್ಟ ಸೌಲಭ್ಯ’ ಎಂದು ಕರೆದು ಮುಂದೆ ಹೋಗಿದ್ದೀರಿ. ಒಂದು ನಿಮಿಷ ಅಲ್ಲಿ ನಿಲ್ಲಿ. ಡೇಟಾಬೇಸ್‌ನ ಮಾದರಿ ಬರೆದು ಕೆಲವೇ ಸಾಲು ಸೇರಿಸಿದರೆ ಸಾಕು, ಅದನ್ನು ತುಂಬುವ ಫಾರಂ, ಹುಡುಕುವ ಪೆಟ್ಟಿಗೆ, ಅಳಿಸುವ ಬಟನ್ ಎಲ್ಲ ತಾನಾಗೇ ಸಿದ್ಧವಾಗುತ್ತದೆ. ಯಾಕೆ ಬೇಕಾಯಿತು ಇದು? ಊರಲ್ಲಿ ಇವತ್ತು ಯಾವ ಬ್ಯಾಂಡ್ ಎಲ್ಲಿ ಹಾಡುತ್ತಿದೆ, ಪಂದ್ಯದ ಸ್ಕೋರ್ ಎಷ್ಟು ಎಂಬ ಮಾಹಿತಿ ತುಂಬುವವರಿಗೆ ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ. ಅವರು ಸುದ್ದಿಮನೆಯ ಜನ. ಇದನ್ನು ಎರಡು ಸಾಲಲ್ಲಿ ಹೇಳಿದರೆ ಕೋಡ್ ಗೊತ್ತಿಲ್ಲದ ಓದುಗರಿಗೂ ಜ್ಯಾಂಗೋ ಅರ್ಥವಾಗುತ್ತದೆ.

2006ರಿಂದ 2008ರವರೆಗಿನ ಭಾಗವನ್ನು ಚುಟುಕಾಗಿ ಮುಗಿಸಿ. 0.95 ಆವೃತ್ತಿಯಲ್ಲಿ ಕಣ್ಣಿಗೆ ಕಾಣದೆ ಒಳಗೆ ತಾನಾಗೇ ನಡೆಯುತ್ತಿದ್ದ ‘ಮ್ಯಾಜಿಕ್’ ಕಿತ್ತುಹಾಕಿ ಕೋಡನ್ನು ಸಾಮಾನ್ಯ ಪೈಥಾನ್‌ನಂತೆ ಮಾಡಿದ್ದು, 2008ರ ಜೂನ್‌ನಲ್ಲಿ ಜ್ಯಾಂಗೋವನ್ನು ನೋಡಿಕೊಳ್ಳಲು ಜ್ಯಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಆದದ್ದು, ಸೆಪ್ಟೆಂಬರ್‌ನಲ್ಲಿ 1.0 ಬಂದದ್ದು, ಅದೇ ತಿಂಗಳು ಮೊದಲ ಜ್ಯಾಂಗೋಕಾನ್ ಸಮ್ಮೇಳನ ನಡೆದದ್ದು. ಇಷ್ಟು ಸಾಕು. ಫೌಂಡೇಶನ್ ಆದಮೇಲೆ ಜ್ಯಾಂಗೋ ಒಂದು ಪತ್ರಿಕೆಯ ಸ್ವತ್ತಾಗಿ ಉಳಿಯಲಿಲ್ಲ ಎಂಬುದನ್ನು ಮಾತ್ರ ಮರೆಯದೆ ಹೇಳಿ.

ಒಬ್ಬರ ಹೆಸರು ಮಾತ್ರ ಇಲ್ಲಿ ಬೇಕೇ ಬೇಕು. ಆಸ್ಟ್ರೇಲಿಯಾದ ಮಾಲ್ಕಮ್ ಟ್ರೆಡಿನಿಕ್. 2007ರಲ್ಲಿ ಜ್ಯಾಂಗೋದ ಒಳಗೆಲ್ಲ, ಎಲ್ಲ ಭಾಷೆಗಳ ಅಕ್ಷರಗಳಿಗೆ ಒಂದೇ ಪದ್ಧತಿಯಾದ ಯೂನಿಕೋಡ್ ತಂದ ಕೆಲಸದ ಮುಂದಾಳು ಅವರು. ಜ್ಯಾಂಗೋದಲ್ಲಿ ಕಟ್ಟಿದ ಸೈಟಿನ ಫಾರಂ ಒಂದರಲ್ಲಿ ನಾವು ಕನ್ನಡದಲ್ಲಿ ಹೆಸರು ತುಂಬಿದರೆ ಅದು ಕೆಡದೆ ಡೇಟಾಬೇಸ್ ಸೇರಿ, ಕೆಡದೆ ಹೊರಗೆ ಬರುವುದರ ಹಿಂದೆ ಆ ಕೆಲಸವಿದೆ. ಅವರನ್ನು ಜನ ನೆನೆಯುವುದು ಇನ್ನೊಂದು ಕಾರಣಕ್ಕೂ ಹೌದು. ಹೊಸಬರ ಪ್ರಶ್ನೆಗಳಿಗೆ ಬೇಸರಪಡದೆ ಉದ್ದುದ್ದ ಉತ್ತರ ಬರೆಯುತ್ತಿದ್ದರು. 2013ರಲ್ಲಿ ತೀರಿಕೊಂಡರು. ಹೊಸಬರಿಗೆ ಕೈಹಿಡಿದು ಕಲಿಸಿದವರಿಗೆ ಫೌಂಡೇಶನ್ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತದೆ. ಹೆಚ್ಚು ಕೋಡ್ ಬರೆದವರಿಗಲ್ಲ, ಗಮನಿಸಿ. ಒಂದು ಸಮುದಾಯ ಯಾವುದಕ್ಕೆ ಬಹುಮಾನ ಕೊಡುತ್ತದೆ ಎನ್ನುವುದು ಅದರ ಬಗ್ಗೆ ಬಹಳ ಹೇಳುತ್ತದೆ ಅಲ್ವಾ? ನಿಮ್ಮ ಲೇಖನದಲ್ಲಿ ಈ ಹೆಸರೇ ಇಲ್ಲದ್ದು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಇನ್ನು ನೀವು ನಿಧಾನವಾಗಿ ಬರೆಯಬೇಕಾದ ಭಾಗ. ಒಂದು ಟಿಕೆಟ್ಟಿನ ಹಿಂದೆ ಬೀಳಿ. ಯಾರೋ ಒಬ್ಬರು ಜ್ಯಾಂಗೋದಲ್ಲಿ ದೋಷ ಕಂಡು ವರದಿ ಮಾಡುತ್ತಾರೆ. ಅದು ದೋಷಗಳ ದಾಖಲೆ ಇಡುವ ಟ್ರ್ಯಾಕ್ ಎಂಬ ಕಡೆ ಒಂದು ಟಿಕೆಟ್ ಆಗುತ್ತದೆ. ಮೊದಲು ಅದರ ಮೇಲೆ ‘ಇನ್ನೂ ಯಾರೂ ನೋಡಿಲ್ಲ’ ಎಂಬ ಗುರುತು. ಬೇರೊಬ್ಬರು ತಮ್ಮ ಯಂತ್ರದಲ್ಲಿ ಅದೇ ದೋಷ ಬರುತ್ತದಾ ಎಂದು ಪರೀಕ್ಷಿಸುತ್ತಾರೆ. ಬಂದರೆ ‘ಒಪ್ಪಿದೆ’ ಆಗುತ್ತದೆ. ಆಮೇಲೆ ಯಾರಾದರೂ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಕೋಡ್, ಬರೆಯುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ. ‘ಟೆಸ್ಟ್ ಇಲ್ಲ’, ‘ದಸ್ತಾವೇಜು ತಿದ್ದಿಲ್ಲ’, ‘ಪ್ಯಾಚ್ ಇನ್ನೂ ಸುಧಾರಿಸಬೇಕು’ ಎಂಬ ಗುರುತುಗಳು ಒಂದೊಂದಾಗಿ ಬೀಳುತ್ತವೆ, ಒಂದೊಂದಾಗಿ ಏಳುತ್ತವೆ. ಎಲ್ಲ ಸರಿಯಾದರೆ ‘ಸೇರಿಸಲು ಸಿದ್ಧ’. ಈ ಕಡೇ ಗುರುತನ್ನು ಪ್ಯಾಚ್ ಬರೆದವರು ತಾವೇ ಹಾಕಿಕೊಳ್ಳುವ ಹಾಗಿಲ್ಲ. ಬೇರೆ ಯಾರು ಬೇಕಾದರೂ ಹಾಕಬಹುದು, ನೀವೂ ಹಾಕಬಹುದು. ಅದಕ್ಕೆ ಯಾವ ಪದವಿಯೂ ಬೇಕಿಲ್ಲ. ನಿಜವಾದ ಒಂದು ಟಿಕೆಟ್ ಆರಿಸಿಕೊಂಡು, ಅದರ ಮೇಲಿನ ಮಾತುಕತೆಯನ್ನು ಮೊದಲಿನಿಂದ ಕಡೆಯವರೆಗೆ ಓದಿ, ಅದರ ಕಥೆಯನ್ನು ಹೇಳಿ. ‘ನಿಸ್ವಾರ್ಥ ಸೇವೆ’ ಎಂಬ ಪದ ಇಲ್ಲದೆಯೇ ಸೇವೆ ಕಾಣುತ್ತದೆ.

ಅಂದಮೇಲೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಇಷ್ಟೆಲ್ಲ ನೋಡುವುದು ಯಾರು? ಸಂಜೆ ಆಫೀಸ್ ಮುಗಿಸಿ ಬಂದು ಎಷ್ಟು ದಿನ ನೋಡಲು ಸಾಧ್ಯ? ಜ್ಯಾಂಗೋ 2014ರಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿತು. ಅದೇ ಫೆಲೋಶಿಪ್. ದೇಣಿಗೆಯಾಗಿ ಬಂದ ಹಣದಿಂದ ಸಂಬಳ ಕೊಟ್ಟು ಜನರನ್ನು ನೇಮಿಸಿತು. ಹೊಸ ಸೌಲಭ್ಯ ಬರೆಯುವುದು ಅವರ ಮುಖ್ಯ ಕೆಲಸವಲ್ಲ. ಟಿಕೆಟ್ ವಿಂಗಡಿಸುವುದು, ಪ್ಯಾಚ್ ಓದುವುದು, ಭದ್ರತಾ ದೋಷಗಳನ್ನು ನೋಡಿಕೊಳ್ಳುವುದು, ಆವೃತ್ತಿಗಳನ್ನು ಹೊತ್ತಿಗೆ ಸರಿಯಾಗಿ ಹೊರತರುವುದು. ಮೊದಲು ಈ ಜಾಗಕ್ಕೆ ಬಂದವರು ಟಿಮ್ ಗ್ರಹಾಂ. ಎಂಟು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ ಎಂದು ನೀವು ಹೊಗಳಿದ್ದೀರಲ್ಲ, ಆ ಶಿಸ್ತಿನ ಹಿಂದೆ ಈ ಸಂಬಳವಿದೆ. ‘ಎಲ್ಲವೂ ಸ್ವಯಂಸೇವೆಯಿಂದಲೇ’ ಎಂಬ ನಿಮ್ಮ ಮಾತು ಹೀಗಾಗಿ ತಪ್ಪು. ಹೊಗಳುವ ಭರದಲ್ಲಿ ದುಡಿದವರ ಸಂಬಳದ ವಿಷಯ ಮುಚ್ಚಿಹೋಗಬಾರದು.

ಹಣದ ಮಾತಿಗೆ ಇನ್ನೊಂದು ಉದಾಹರಣೆ. ಡೇಟಾಬೇಸ್ ಬದಲಾವಣೆಗಳನ್ನು ಹಂತಹಂತವಾಗಿ ನಡೆಸುವ ‘ಮೈಗ್ರೇಶನ್’ ಮೊದಲು ಜ್ಯಾಂಗೋದೊಳಗೆ ಇರಲಿಲ್ಲ. ಆಂಡ್ರ್ಯೂ ಗಾಡ್ವಿನ್ ಎಂಬವರು ಸೌತ್ ಹೆಸರಿನಲ್ಲಿ ಅದನ್ನು ಹೊರಗಿಂದ ಮಾಡಿದ್ದರು. ಅದನ್ನು ಒಳಕ್ಕೇ ಸೇರಿಸುತ್ತೇನೆ ಎಂದು 2013ರಲ್ಲಿ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಸೈಟಿನಲ್ಲಿ 2,500 ಪೌಂಡ್ ಕೇಳಿದರು. ಬಂದದ್ದು 17,000ಕ್ಕೂ ಜಾಸ್ತಿ. 2014ರ 1.7 ಆವೃತ್ತಿಯಲ್ಲಿ ಮೈಗ್ರೇಶನ್ ಬಂತು. ನಿಮ್ಮ ಪಟ್ಟಿಯಲ್ಲಿ ಇದು ‘1.7: ಮೈಗ್ರೇಶನ್ ಸೇರ್ಪಡೆ’ ಎಂಬ ಮೂರು ಪದ.

ಅಧಿಕಾರ ಹೇಗೆ ಕೈ ಬದಲಾಯಿಸಿತು ಎನ್ನುವುದನ್ನೂ ಬರೆಯಿರಿ. 2014ರ ಜನವರಿಯಲ್ಲಿ ಏಡ್ರಿಯನ್ ಮತ್ತು ಜೇಕಬ್ ‘ಕಡೇ ಮಾತು ನಮ್ಮದು’ ಎಂಬ ಸ್ಥಾನದಿಂದ ಕೆಳಗಿಳಿದರು. ಆಮೇಲೆ 2020ರಲ್ಲಿ, ಕೋಡ್ ಸೇರಿಸುವ ಅಧಿಕಾರವಿದ್ದ ಕೋರ್ ತಂಡವನ್ನೇ ವಿಸರ್ಜಿಸಿದರು. ಕೋರ್ ಡೆವಲಪರ್ ಎಂಬ ಪಟ್ಟ ಕಂಡು ಹೊಸಬರು ಹಿಂಜರಿಯುತ್ತಿದ್ದರು, ದಿನನಿತ್ಯದ ಕೆಲಸವನ್ನು ಬಹುತೇಕ ಫೆಲೋಗಳೇ ಮಾಡುತ್ತಿದ್ದರು. ಅದರ ಬದಲು ಕೋಡ್ ಸೇರಿಸುವ ‘ಮರ್ಜರ್’, ಆವೃತ್ತಿ ಹೊರತರುವ ‘ರಿಲೀಸರ್’ ಎಂಬ ಎರಡು ಜವಾಬ್ದಾರಿ ಮಾಡಿದರು. ಮರ್ಜರ್ ಆದವರು ತಾವೇ ಬರೆದದ್ದನ್ನು ಬೇರೆಯವರ ಒಪ್ಪಿಗೆ ಇಲ್ಲದೆ ಸೇರಿಸುವಂತಿಲ್ಲ. ತಾಂತ್ರಿಕ ಮಂಡಳಿಗೆ ಚುನಾವಣೆ ಇಟ್ಟರು. ಅದಕ್ಕೀಗ ಸ್ಟೀರಿಂಗ್ ಕೌನ್ಸಿಲ್ ಎಂದು ಹೆಸರು. ಇರುವ ಪಟ್ಟವನ್ನು ತಾವಾಗೇ ಬಿಟ್ಟುಕೊಡುವುದು ಎಲ್ಲಿಯೂ ಸುಲಭವಲ್ಲ. ಸಂಘ-ಸಂಸ್ಥೆಗಳ ರಾಜಕೀಯ ಕಂಡಿರುವ ನಮ್ಮ ಓದುಗರು ಈ ಭಾಗವನ್ನು ಬಿಡದೆ ಓದುತ್ತಾರೆ, ನೋಡಿ.

ಜ್ಯಾಂಗೋ ಗರ್ಲ್ಸ್ ಬಗ್ಗೆ ನೀವು ಬರೆದ ನಾಲ್ಕು ಸಾಲು ನನಗೆ ಹಿಡಿಸಿತು. 2014ರಲ್ಲಿ ಬರ್ಲಿನ್‌ನಲ್ಲಿ ಓಲಾ ಸಿಟಾರ್ಸ್ಕಾ, ಓಲಾ ಸೆಂಡೆಕ್ಕಾ ಇಬ್ಬರೂ ಸೇರಿ ಹೆಣ್ಣುಮಕ್ಕಳಿಗೆಂದು ಮೊದಲ ಕಾರ್ಯಾಗಾರ ಮಾಡಿದ್ದನ್ನು ಸರಿಯಾಗಿ ಹೇಳಿದ್ದೀರಿ. ಅದನ್ನು ಹಾಗೇ ಇಡಿ, ಮೇಲಕ್ಕೆ ತನ್ನಿ.

ಕನ್ನಡದ ಕೊಂಡಿ ಹುಡುಕಲು ನೀವು ‘ಬೆಂಗಳೂರು ಐಟಿ ರಾಜಧಾನಿ’ ಎಂದು ಎರಡು ಪ್ಯಾರಾ ಹಾಕಿದ್ದೀರಿ. ತೆಗೆದುಹಾಕಿ. ನಿಜವಾದ ಕೊಂಡಿ ಜ್ಯಾಂಗೋದ ಒಳಗೇ ಇದೆ. ಅದರ ಭಾಷೆಗಳ ಫೋಲ್ಡರ್‌ನಲ್ಲಿ ‘ಕೆಎನ್’ ಎಂಬ ಹೆಸರಿನಲ್ಲಿ ಕನ್ನಡ ಇದೆ. ‘ಈ ಜಾಗ ಖಾಲಿ ಬಿಡುವಂತಿಲ್ಲ’ ಎನ್ನುವಂಥ ಎಚ್ಚರಿಕೆಗಳು, ತಿಂಗಳ ಹೆಸರುಗಳು ಎಲ್ಲ ಆ ಫೈಲಿನಲ್ಲಿರುತ್ತವೆ. ಇಂಗ್ಲಿಷ್ ವಾಕ್ಯ ಒಂದು ಸಾಲು, ಅದರ ಕೆಳಗೆ ಅನುವಾದ ಒಂದು ಸಾಲು. ಅನುವಾದದ ಸಾಲು ಖಾಲಿ ಇದ್ದರೆ ಬಳಸುವವರಿಗೆ ಕನ್ನಡದ ಫಾರಂ ನಡುವೆ ಇಂಗ್ಲಿಷ್ ಕಾಣುತ್ತದೆ. ಹೊಸ ಆವೃತ್ತಿಗಳ ಜೊತೆ ಹೊಸ ವಾಕ್ಯಗಳು ಬರುತ್ತಿರುತ್ತವೆ, ಹಾಗಾಗಿ ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಅನುವಾದ ನಡೆಯುವುದು ಟ್ರಾನ್ಸಿಫೆಕ್ಸ್ ಎಂಬ ಅನುವಾದದ ಸೈಟಿನಲ್ಲಿ. ಆ ಫೈಲ್ ತೆರೆದು ಓದಿ. ಎಷ್ಟು ಸಾಲು ತುಂಬಿದೆ, ಎಷ್ಟು ಖಾಲಿ ಇದೆ, ಇರುವ ಕನ್ನಡ ಹೇಗಿದೆ, ನೀವೇ ನೋಡಿ ಬರೆಯಿರಿ. ಇದು ನಿಮ್ಮ ಲೇಖನದ ಅತ್ಯುತ್ತಮ ಭಾಗ ಆಗಬಹುದು ಎಂದು ನನಗೆ ಅನ್ನಿಸುತ್ತದೆ. ಯಾಕಂದರೆ ಬೇರೆ ಯಾವ ಭಾಷೆಯವರೂ ಇದನ್ನು ಬರೆಯಲಾರರು.

ಭಾಷೆಯ ಬಗ್ಗೆ ಎರಡು ಮಾತು. ‘ಚೌಕಟ್ಟು’, ‘ಮುಕ್ತ ಆಕರ ತಂತ್ರಾಂಶ’ ಎಂದು ಶುರುಮಾಡಿ, ನಾಲ್ಕನೇ ಪುಟಕ್ಕೆ ‘ಫ್ರೇಮ್‌ವರ್ಕ್’, ‘ಓಪನ್ ಸೋರ್ಸ್’ಗೆ ಬಂದಿದ್ದೀರಿ. ಒಂದನ್ನು ಹಿಡಿದುಕೊಳ್ಳಿ. ಕೆಲಸ ಮಾಡುವವರು ದಿನಾ ಆಡುವ ಮಾತೇ ಇರಲಿ ಎನ್ನುವುದು ನನ್ನ ಪಕ್ಷಪಾತ. ಫ್ಲಾಸ್ಕ್, ಲಾರಾವೆಲ್‌ನಂಥ ಬೇರೆ ಫ್ರೇಮ್‌ವರ್ಕ್‌ಗಳ ಜೊತೆಗಿನ ಹೋಲಿಕೆಯ ಕೋಷ್ಟಕ ಬೇಡ, ಅದು ಬೇರೆ ಲೇಖನ. ತಲೆಬರಹದ ಗಾದೆಯೂ ಬೇಡ. ಹನಿಗಳು ಸುಮ್ನೆ ತಾವಾಗೇ ಕೂಡಿಕೊಂಡವು ಎಂಬ ಅರ್ಥ ಅದರಿಂದ ಬರುತ್ತದೆ.

ಹಳೆಯ ಫೈಲನ್ನು ತಿದ್ದಲು ಹೋಗಬೇಡಿ, ಹೊಸದಾಗಿ ಬರೆಯಿರಿ. 1,800 ಪದ ದಾಟದಿರಲಿ. ಆರಿಸಿಕೊಂಡ ಟಿಕೆಟ್ಟಿನ ಸಂಖ್ಯೆಯನ್ನೂ ಜೊತೆಗೆ ಕಳಿಸಿ, ನಾನೂ ಓದಿಕೊಂಡಿರುತ್ತೇನೆ.

ಇಂತಿ,
ಸಂಪಾದಕ