ವೈಟ್ ವೈನ್ ಇಷ್ಟೊಂದು ಹಳದಿ ಯಾಕೆ, ಕೆಟ್ಟೋಗಿದ್ಯಾ?

ಪ್ರಶ್ನೆ: ಸರ್, ನಮ್ ಭಾವ ಫ್ರಾನ್ಸಿಂದ ಬರ್ತಾ ಕೂಲೆ ದ ಸೆರಾಂ ಅನ್ನೋ ವೈಟ್ ವೈನ್ ತಂದ್ರು. ಓಪನ್ ಮಾಡಿದ್ರೆ ಗಾಢ ಹಳದಿ, ಹೆಚ್ಚಿಟ್ಟ ಸೇಬಿನ ವಾಸನೆ. ನಂದಿ ಬೆಟ್ಟದ ಕಡೆಯ ಶೆನಿನ್ ಬ್ಲಾಂಕ್ ಕುಡಿದಿದೀನಿ, ಇದೂ ಅದೇ ದ್ರಾಕ್ಷಿನಂತೆ, ಆದ್ರೆ ಹೋಲಿಕೆನೇ ಇಲ್ಲ. ಚೆಲ್ಲಿಬಿಡ್ಲಾ?

ಉತ್ತರ: ಅಯ್ಯೋ, ಚೆಲ್ಬೇಡಿ ಮಾರಾಯ್ರೆ! ದ್ರಾಕ್ಷಿ ಒಂದೇ, ಜಾಗ ಬೇರೆ, ಮಾಡೋ ರೀತಿನೂ ಬೇರೆ. ಕೂಲೆ ದ ಸೆರಾಂ ಅನ್ನೋದು ಫ್ರಾನ್ಸಿನ ಲುವಾರ್ ನದಿ ದಡದ ಸಾವೆನ್ಯೇರ್ ಅನ್ನೋ ಊರಲ್ಲಿರೋ ಸುಮಾರು 7 ಹೆಕ್ಟೇರ್‌ನ ದ್ರಾಕ್ಷಿ ತೋಟ, 1130ರಲ್ಲಿ ಸನ್ಯಾಸಿಗಳು ಬಳ್ಳಿ ನೆಟ್ಟಿದ್ದಂತೆ. ಕಡಿದಾದ ಇಳಿಜಾರು, ದಕ್ಷಿಣಕ್ಕೆ ಮುಖ, ಮೇಲೆ ತೆಳು ಮಣ್ಣು, ಕೆಳಗೆ ಪದರು ಪದರಾಗಿ ಒಡೆಯೋ ಶಿಸ್ಟ್ ಕಲ್ಲು, ಅದು ಬಿಸಿಲು ಹೀರ್ಕೊಂಡು ಬಿಸಿಯಾಗುತ್ತೆ, ನೀರೂ ನಿಲ್ಲಲ್ಲ, ಹಾಗಾಗಿ ಹಣ್ಣು ಕಮ್ಮಿ ಬಿಡುತ್ತೆ ಆದ್ರೆ ಚೆನ್ನಾಗಿ ಮಾಗುತ್ತೆ. ಎಲ್ಲಾ ಒಂದೇ ಸಲ ಕೀಳಲ್ಲ, ಮಾಗಿದ್ದನ್ನ ಮಾತ್ರ ನಾಲ್ಕೈದು ಸುತ್ತಲ್ಲಿ ಕೀಳ್ತಾರೆ, ಬಣ್ಣ ಅರ್ಧ ಅಲ್ಲೇ ಬಂದುಬಿಡುತ್ತೆ.

ಇನ್ನರ್ಧ ಕೆಲಸ ಗಾಳಿದು. ಇಲ್ಲಿ ನಮ್ಮ ಕಡೆ ಸ್ಟೀಲ್ ಟ್ಯಾಂಕಲ್ಲಿ ತಣ್ಣಗೆ ಇಟ್ಟು, ಪ್ಯಾಕೆಟ್ ಯೀಸ್ಟ್ ಹಾಕಿ, ಗಾಳಿ ತಾಗದ ಹಾಗೆ ನೋಡ್ಕೊಂಡು ಬೇಗ ಬಾಟಲ್‌ಗೆ ತುಂಬ್ತಾರೆ, ತಾಜಾ ಹಣ್ಣಿನ ಘಮ ಉಳಿಯುತ್ತೆ. ಅಲ್ಲಿ ತೋಟದ ಮನೆಯವರಾದ ನಿಕೊಲಾ ಜೋಲಿ 1984ರಿಂದ ಇಡೀ ತೋಟನ ಬಯೋಡೈನಮಿಕ್ ಮಾಡಿದಾರೆ, ಅಂದ್ರೆ ಕೆಮಿಕಲ್ ಇಲ್ಲದೆ, ಕೆಲವು ವಿಶೇಷ ಆಚರಣೆಗಳ ಜೊತೆ ಮಾಡೋ ಕೃಷಿ. ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳೋದ್ರಲ್ಲಿ ನಂಗೇನೂ ನಂಬಿಕೆ ಇಲ್ಲ, ಆದ್ರೆ ಕೆಮಿಕಲ್ ಸ್ಪ್ರೇ ನಿಲ್ಲಿಸಿದ್ದು ಲೆಕ್ಕಕ್ಕೆ ಬರುತ್ತೆ, ಯಾಕಂದ್ರೆ ಹೊರಗಿಂದ ಯೀಸ್ಟ್ ಹಾಕಲ್ಲ, ದೋಸೆ ಹಿಟ್ಟು ತಾನಾಗೇ ಹುಳಿ ಬಂದ ಹಾಗೆ ರಸ ತೋಟದ ಯೀಸ್ಟಿಂದಲೇ ಹುದುಗ್ಬೇಕು. ಹಳೇ ಮರದ ಪೀಪಾಯಿಲಿ ಸ್ವಲ್ಪ ಗಾಳಿ ತಾಗುತ್ತೆ, ವೈನ್‌ನ ಗಾಳಿಯಿಂದ ಕಾಪಾಡೋ ಸಲ್ಫರೂ ಕಮ್ಮಿ, ನಿಮ್ಮ ಸೇಬಿನ ವಾಸನೆ ಅಲ್ಲಿಂದ ಬಂದಿದ್ದು.

ಬಾಟಲ್ ಒಂದು ದಿನ ಮುಂಚೆನೇ ಓಪನ್ ಮಾಡಿಡಿ ಅಂತ ಜೋಲಿನೇ ಹೇಳ್ತಾರೆ, ಸೋ ನಾಳೆ ಸಂಜೆ ಮತ್ತೆ ಮೂಸಿ ನೋಡಿ. ಜೇನು, ಒಣಹಣ್ಣಿನ ವಾಸನೆ ಎದ್ದು ಬಂದ್ರೆ ವೈನ್ ಸರಿಯಾಗಿದೆ. ವಿನೆಗರ್ ಅಥವಾ ನೈಲ್ ಪಾಲಿಶ್ ಘಾಟು ಹೊಡೆದ್ರೆ, ಇಲ್ಲಾ ನುಂಗಿದ್ಮೇಲೆ ಬಾಯಲ್ಲಿ ಇಲಿ ನಾತ ಉಳಿದ್ರೆ, ಅದು ಕೆಟ್ಟಿದೆ ಅಂತಲೇ ಅರ್ಥ, ನ್ಯಾಚುರಲ್ ಅಂದ್ರೆ ಹಾಗೇನೇ ಇರೋದು ಅಂತ ಯಾರಾದ್ರೂ ಸಮಜಾಯಿಷಿ ಕೊಟ್ರೆ ಕೇಳ್ಬೇಡಿ. ಆಮೇಲೆ ಐಸ್ ತರ ತಣ್ಣಗೆ ಮಾಡ್ಬೇಡಿ, 13-14 ಡಿಗ್ರಿ ಸಾಕು, ಅದಕ್ಕಿಂತ ತಣ್ಣಗಾದ್ರೆ ಹುಳಿ ಬಿಟ್ಟು ಬೇರೇನೂ ಗೊತ್ತಾಗಲ್ಲ.