ಡಬ್ಬಿಗೆ ಹತ್ತು ಡಾಲರ್, ಕಿಡಿಗೆ ಎಂಬತ್ತು ಲಕ್ಷ

ಗೋಣಿಕೊಪ್ಪದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಇದು: ತಂಗಿಯ ಮಗ ಅಮೆರಿಕದ ಅರಿಜೋನಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗೆಳೆಯರ ಜೊತೆ ಊರಾಚೆ ಬಯಲಿಗೆ ಹೋಗಿ, ದೂರದಲ್ಲಿಟ್ಟ ಪ್ಲಾಸ್ಟಿಕ್ ಡಬ್ಬಿಗೆ ಗುಂಡು ಹೊಡೆದ ವಿಡಿಯೊ ಕಳಿಸಿದ್ದಾನೆ. ಗುಂಡು ತಾಗಿದ್ದೇ ತಡ, ಡಬ್ಬಿ ಢಂ ಅಂತ ಸಿಡಿದು ಬಿಳಿ ಹೊಗೆ ಮೇಲೇಳುತ್ತದೆ. ‘ಇಲ್ಲಿ ಅಂಗಡೀಲೇ ಸಿಗುತ್ತೆ ಮಾವ, ಲೈಸೆನ್ಸೂ ಬೇಡ’ ಅಂದನಂತೆ. ಇದಕ್ಕೆಷ್ಟು ಖರ್ಚು, ಕಾನೂನು ನಿಜಕ್ಕೂ ಒಪ್ಪುತ್ತಾ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿ ಬದಲು ಇದನ್ನೇ ಕಟ್ಟಿ ಹೊಡೆದರೆ ಹೇಗೆ ಅಂತ ಅವರ ಪ್ರಶ್ನೆ.

ಪ್ರಿಯ ಓದುಗರೇ,

ನಿಮ್ಮ ಅಳಿಯ ಹೇಳಿದ್ದು ಅರ್ಧ ನಿಜ. ಉಳಿದರ್ಧ ಅವನಿಗೇ ಗೊತ್ತಿದ್ದ ಹಾಗಿಲ್ಲ. ಅದು ಅವನಿಗೇ ಜಾಸ್ತಿ ಬೇಕಾದ ಭಾಗ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾದರೂ ಅವನಿಗೆ ಕಳಿಸಿ.

ಮೊದಲು ಈ ವಸ್ತು ಏನು ಅಂತ ನೋಡೋಣ. ಇದನ್ನು ಮೊದಲು ಜನಪ್ರಿಯ ಮಾಡಿದ್ದು ಒರೆಗಾನ್ ರಾಜ್ಯದ ಕಂಪನಿಯ ಟ್ಯಾನರೈಟ್. ವನಸ್ಪತಿಗೆಲ್ಲ ನಾವು ಡಾಲ್ಡಾ ಅಂದ ಹಾಗೆ, ಈಗ ಯಾರು ಮಾಡಿದ್ದಕ್ಕೂ ಅಲ್ಲಿನ ಜನ ಟ್ಯಾನರೈಟ್ ಅಂತಲೇ ಅನ್ನುತ್ತಾರೆ. ಅಂಗಡಿಯಲ್ಲಿ ಎರಡು ಸಾಮಾನು ಬೇರೆ ಬೇರೆಯಾಗಿ ಬರುತ್ತವೆ. ಡಬ್ಬಿಯಲ್ಲಿ ಅಮೋನಿಯಂ ನೈಟ್ರೇಟಿನ ಬಿಳಿ ಕಾಳು, ಜೊತೆಗೆ ಸಣ್ಣ ಪೊಟ್ಟಣದಲ್ಲಿ ಅಲ್ಯೂಮಿನಿಯಂನ ಬೂದು ಪುಡಿ. ಹೊಡೆಯುವ ಜಾಗದಲ್ಲೇ ಎರಡನ್ನೂ ಕೂಡಿಸುತ್ತಾರೆ. ಆಮೇಲೂ ಅದು ಸುಮ್ನೆ ಸಿಡಿಯುವುದಿಲ್ಲ. ಪಿಸ್ತೂಲಿನ ಗುಂಡು, .22ರ ಸಣ್ಣ ಗುಂಡು ಸಾಮಾನ್ಯವಾಗಿ ಸಾಲದು. ರೈಫಲ್ಲಿನಿಂದ ಭಾರಿ ವೇಗದಲ್ಲಿ ಬರುವ ಗುಂಡು ಬೇಕು. ಗುರಿ ತಾಗಿತೋ ಇಲ್ಲವೋ ಅಂತ ನೂರು ಗಜ ನಡೆದು ಹೋಗಿ ನೋಡಬೇಕಾಗಿಲ್ಲ, ಸದ್ದೇ ಹೇಳುತ್ತದೆ. ಆಟದ ಮಜಾ ಇರುವುದು ಅಲ್ಲೇ.

ಬೆಲೆ ಅಂಗಡಿ ನೋಡಿ ಏರುಪೇರಾಗುತ್ತದೆ. ಒಂದು ಪೌಂಡ್ ಡಬ್ಬಿಗೆ ಸುಮಾರು ಹತ್ತು ಡಾಲರ್ ಅಂತ ಇಟ್ಟುಕೊಳ್ಳಿ. ಅರ್ಧ ಪೌಂಡಿನದು ಇನ್ನೂ ಕಡಿಮೆ, ಪೆಟ್ಟಿಗೆಗಟ್ಟಲೆ ಕೊಂಡರೆ ಅಗ್ಗ. ಆದರೆ ಯಾರೂ ಒಂದೇ ಡಬ್ಬಿ ಹೊಡೆದು ಮನೆಗೆ ಬರುವುದಿಲ್ಲ. ನಾಲ್ಕು ಜನ ಗೆಳೆಯರು ಸೇರಿದರೆ ಒಂದು ಮಧ್ಯಾಹ್ನಕ್ಕೆ ನೂರು ಡಾಲರ್ ಹೊಗೆಯಾಗಿ ಹೋಗುತ್ತದೆ, ಗುಂಡಿನ ಖರ್ಚು ಬೇರೆ.

ಈಗ ಕಾನೂನಿಗೆ ಬರೋಣ. ಅಮೆರಿಕದಲ್ಲಿ ಬಂದೂಕು, ಸ್ಫೋಟಕಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಟಿಎಫ್. ಅವರ ಲೆಕ್ಕದಲ್ಲಿ ಎರಡು ಸಾಮಾನೂ ಬೇರೆ ಬೇರೆ ಇರುವ ತನಕ ಅದು ಸ್ಫೋಟಕವೇ ಅಲ್ಲ, ಹಾಗಾಗಿ ಕೊಳ್ಳುವುದಕ್ಕೆ ಕೇಂದ್ರದ ಲೈಸೆನ್ಸ್ ಬೇಡ. ಬೆರೆಸಿದ ಕ್ಷಣದಿಂದ ಸ್ಫೋಟಕ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ, ಅಲ್ಲೇ ಬೆರೆಸಿ ಅಲ್ಲೇ ಹೊಡೆದು ಮುಗಿಸಿದರೆ ಆಗಲೂ ಲೈಸೆನ್ಸ್ ಕೇಳುವುದಿಲ್ಲ. ಬೆರೆಸಿದ್ದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಒಯ್ದರೆ ಪರವಾನಗಿ ಬೇಕು. ಮಿಕ್ಕಿದ್ದನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡರೆ ಸ್ಫೋಟಕದ ಗೋದಾಮಿನ ನಿಯಮಗಳೆಲ್ಲ ತಲೆ ಮೇಲೆ ಬಂದು ಕೂರುತ್ತವೆ. ನನಗೆ ಈ ಏರ್ಪಾಡು ವಿಚಿತ್ರ ಅನ್ನಿಸುತ್ತದೆ. ಡಬ್ಬಿ ಅಲುಗಾಡಿಸಿ ಬೆರೆಸುವ ತನಕ ಕಾನೂನು ಕಣ್ಣು ಮುಚ್ಚಿಕೊಂಡಿರುತ್ತದೆ, ಅಲುಗಾಡಿಸಿದ ಮೇಲೆ ಕಣ್ಣು ಕೆಂಪಗೆ ಮಾಡುತ್ತದೆ.

ನಿಮ್ಮ ಅಳಿಯನಿಗೆ ಸಂಬಂಧಪಟ್ಟ ಮಾತು ಇಲ್ಲಿಂದ ಶುರು. ಅವನು ಯಾವ ವೀಸಾದ ಮೇಲಿದ್ದಾನೆ ಅಂತ ನೀವು ಬರೆದಿಲ್ಲ. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾ ಆಗಿದ್ದರೆ ಮೇಲಿನ ಪ್ಯಾರಾ ಅವನಿಗೆ ಅನ್ವಯಿಸುವುದೇ ಇಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಯಾರ್ಯಾರು ಸ್ಫೋಟಕ ಇಟ್ಟುಕೊಳ್ಳಬಾರದು ಅಂತ ಒಂದು ಪಟ್ಟಿಯಿದೆ. ಶಿಕ್ಷೆಯಾದ ಅಪರಾಧಿಗಳ ಜೊತೆಗೆ, ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರೂ ಆ ಪಟ್ಟಿಯಲ್ಲಿದ್ದಾರೆ. ಪೊಲೀಸ್, ಸೇನೆಯಂಥ ಕೆಲವು ವಿನಾಯಿತಿ ಇವೆ, ಸಾಫ್ಟ್‌ವೇರ್ ಎಂಜಿನಿಯರಿಗೆ ಅವು ಯಾವುವೂ ಹೊಂದುವುದಿಲ್ಲ. ಅಂದರೆ ಅಮೆರಿಕದ ಗೆಳೆಯ ಬೆರೆಸಿದರೆ ಆಟ, ಪಕ್ಕದಲ್ಲಿ ನಿಂತ ನಮ್ಮ ಹುಡುಗ ಅದೇ ಡಬ್ಬಿಯನ್ನು ಬೆರೆಸಿ ಕೈಯಲ್ಲಿ ಹಿಡಿದರೆ ಹತ್ತು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ರೈಫಲ್ಲಿಗೂ ಹೀಗೇ ಒಂದು ನಿಷೇಧ ಇದೆ. ಅದಕ್ಕೆ ಬೇಟೆ ಲೈಸೆನ್ಸ್ ಮಾಡಿಸಿಕೊಂಡರೆ ವಿನಾಯಿತಿ ಸಿಗುತ್ತದೆ, ಅಲ್ಲಿನ ನಮ್ಮ ಹುಡುಗರು ಕೆಲವರು ಆ ದಾರಿ ಹಿಡಿಯುತ್ತಾರೆ. ಸ್ಫೋಟಕಕ್ಕೆ ಆ ಬೇಟೆ ಲೈಸೆನ್ಸಿನ ದಾರಿಯೂ ಇಲ್ಲ. ಬಂದೂಕಿಗೆ ಸರಿ ಅಂದ ಮೇಲೆ ಡಬ್ಬಿಗೂ ಸರಿ ಅಂತ ತಿಳಿದುಕೊಳ್ಳುವುದು ಸುಲಭ, ಅಲ್ವಾ? ಗ್ರೀನ್ ಕಾರ್ಡ್ ಬಂದಿದ್ದರೆ ಈ ತೊಡಕಿಲ್ಲ. ಬಂದಿಲ್ಲವಾದರೆ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಲಿ, ಡಬ್ಬಿಯ ಸಹವಾಸ ಅಲ್ಲಿಗೇ ನಿಲ್ಲಿಸಲಿ.

ಇನ್ನು ಜಾಗದ ಪ್ರಶ್ನೆ. ಕೇಂದ್ರ ಸುಮ್ಮನಿದ್ದರೂ ರಾಜ್ಯಗಳು ಸುಮ್ಮನಿಲ್ಲ. ಮೇರಿಲ್ಯಾಂಡ್ 2012ರಲ್ಲೇ ಲೈಸೆನ್ಸ್ ಇಲ್ಲದವರಿಗೆ ಇದನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲೂ ಪರ್ಮಿಟ್ ಬೇಕು. ಪಶ್ಚಿಮದ ಒಣ ರಾಜ್ಯಗಳಲ್ಲಿ ಅರಣ್ಯ ಇಲಾಖೆಯೇ ಮುಂದೆ ಬಂತು. 2013ರಲ್ಲಿ ಅಲ್ಲಿನ ಕೇಂದ್ರ ಅರಣ್ಯ ಇಲಾಖೆ ಕೊಲರಾಡೊ ಸೇರಿದ ರಾಕಿ ಪರ್ವತ ವಲಯದ ರಾಷ್ಟ್ರೀಯ ಅರಣ್ಯಗಳಲ್ಲಿ ಸಿಡಿಯುವ ಗುರಿಗಳನ್ನು ನಿಷೇಧಿಸಿತು. ಮೀರಿದರೆ 5,000 ಡಾಲರಿನವರೆಗೆ ದಂಡ, ಆರು ತಿಂಗಳವರೆಗೆ ಜೈಲು. 2012ರಿಂದ ಈಚೆಗೆ ಕನಿಷ್ಠ 16 ಕಾಡ್ಗಿಚ್ಚು ಇದರಿಂದಲೇ ಹತ್ತಿಕೊಂಡಿವೆ, ಆರಿಸುವುದಕ್ಕೆ 3.3 ಕೋಟಿ ಡಾಲರಿಗೂ ಜಾಸ್ತಿ ಹಣ ಹೋಗಿದೆ ಅಂತ ಇಲಾಖೆ ಆಗ ಕಾರಣ ಕೊಟ್ಟಿತ್ತು.

ಆಮೇಲೆ ಬಂದದ್ದು ಅರಿಜೋನಾದ ಸಾಮಿಲ್ ಬೆಂಕಿ. 2017ರ ಏಪ್ರಿಲ್ 23, ಟೂಸಾನ್ ಪಟ್ಟಣದ ದಕ್ಷಿಣಕ್ಕಿರುವ ಸಾಂತಾ ರೀಟಾ ಬೆಟ್ಟದ ತಪ್ಪಲು. ಗಡಿ ಕಾವಲು ಪಡೆಯ ನೌಕರನೊಬ್ಬ ರಜೆಯ ದಿನ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಅಂತ ಬಣ್ಣದ ಪುಡಿ ಹಾರಿಸಿ ತಿಳಿಸುವ ಸಂಭ್ರಮ ಇಟ್ಟುಕೊಂಡಿದ್ದ. (ನಮ್ಮಲ್ಲಾದರೆ ಹುಟ್ಟುವ ಮುಂಚೆ ಅದನ್ನು ತಿಳಿಸುವುದೇ ಅಪರಾಧ.) ಅರಣ್ಯ ಇಲಾಖೆ ಆಮೇಲೆ ಆ ವಿಡಿಯೊ ಹೊರಗೆ ಬಿಟ್ಟಿತು. ಒಣಗಿ ಹಳದಿಯಾದ ಎತ್ತರದ ಹುಲ್ಲಿನ ನಡುವೆ ಒಂದು ಚೌಕದ ಗುರಿ ನಿಂತಿದೆ. ಗುಂಡು ತಾಗುತ್ತದೆ, ನೀಲಿ ಪುಡಿ ಎದ್ದೇಳುತ್ತದೆ. ಮರುಗಳಿಗೆಯಲ್ಲೇ ಹುಲ್ಲಿಗೆ ಉರಿ ಹತ್ತಿ ಹಬ್ಬುತ್ತದೆ. ‘ಎಲ್ಲ ಕಟ್ಟಿಕೊಳ್ಳಿ, ಹೊರಡಿ’ ಅಂತ ಯಾರೋ ಕೂಗುವುದು ಕೇಳುತ್ತದೆ. ಇಡೀ ವಿಡಿಯೊ ಒಂದು ನಿಮಿಷದಷ್ಟೂ ಇಲ್ಲ.

ಸುಟ್ಟದ್ದು ಸುಮಾರು 47,000 ಎಕರೆ. ಆರಿಸಲು ಸುಮಾರು 800 ಜನ ಬೇಕಾದರು. ನಷ್ಟ 80 ಲಕ್ಷ ಡಾಲರ್ ದಾಟಿತು. ಆ ಮನುಷ್ಯ ಓಡಿ ಹೋಗಲಿಲ್ಲ, ತಾನೇ ಬೆಂಕಿಯ ಸುದ್ದಿ ಮುಟ್ಟಿಸಿ ತಪ್ಪು ಒಪ್ಪಿಕೊಂಡ. ಐದು ವರ್ಷ ಪ್ರೊಬೇಷನ್, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾ, ಆಯಿತು. 2,20,000 ಡಾಲರ್ ಕಟ್ಟಬೇಕಾಯಿತು: ಮೊದಲಿಗೆ ಒಂದು ಲಕ್ಷ, ಮಿಕ್ಕಿದ್ದು ತಿಂಗಳಿಗೆ 500ರಂತೆ. ಲೆಕ್ಕ ಹಾಕಿದರೆ ಕಂತು ಮುಗಿಯುವುದಕ್ಕೆ 20 ವರ್ಷ. ಅಷ್ಟರಲ್ಲಿ ಮಗ ಕಾಲೇಜು ಮುಗಿಸುವ ವಯಸ್ಸಿಗೆ ಬಂದಿರುತ್ತಾನೆ. ನೀವು ಖರ್ಚು ಎಷ್ಟು ಅಂತ ಕೇಳಿದ್ದಿರಿ, ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆದೆ.

ನಮ್ಮ ಮಿಶ್ರಣದಿಂದ ಬೆಂಕಿ ಹತ್ತುವುದಿಲ್ಲ, ಬೇರೆಯವರು ಮಾಡಿದ ನಕಲು ಮಾಲಿನಿಂದ ಹತ್ತುತ್ತದೆ ಅನ್ನುವುದು ಟ್ಯಾನರೈಟ್ ಕಂಪನಿಯ ವಾದ. ಇರಬಹುದು. ಆದರೆ ಒಣ ಹುಲ್ಲಿನ ಮೇಲೆ ನಿಂತು ಈ ವಾದ ಪರೀಕ್ಷೆ ಮಾಡುವುದು ಬೇಡ.

ಬೆಂಕಿಯೊಂದೇ ಅಪಾಯವೂ ಅಲ್ಲ. 2016ರಲ್ಲಿ ಜಾರ್ಜಿಯಾದಲ್ಲಿ ಒಬ್ಬ ಹುಲ್ಲು ಕತ್ತರಿಸುವ ಯಂತ್ರದೊಳಗೆ ಮೂರು ಪೌಂಡ್ ತುಂಬಿಸಿ ಗುಂಡು ಹೊಡೆದ. ಯಂತ್ರದ ಲೋಹದ ತುಂಡು ಹಾರಿ ಬಂದು ಮಂಡಿಯ ಕೆಳಗೆ ಕಾಲು ಹೋಯಿತು. 2021ರ ಏಪ್ರಿಲಿನಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಿಂಗ್‌ಸ್ಟನ್ ಎಂಬಲ್ಲಿ, ಕಲ್ಲು ಕ್ವಾರಿಯಾದರೆ ಅಪಾಯವಿಲ್ಲ ಅಂತ ಒಂದು ಕುಟುಂಬ ಅಲ್ಲಿಗೇ ಹೋಗಿ 80 ಪೌಂಡ್ ಒಟ್ಟಿಗೆ ಸಿಡಿಸಿತು. ಅದೂ ಗಂಡೋ ಹೆಣ್ಣೋ ಸಂಭ್ರಮವೇ. ಸುತ್ತಲಿನ ಮನೆಗಳು ನಡುಗಿದವು, ಭೂಕಂಪ ಅಂತ ಜನ ಪೊಲೀಸರಿಗೆ ಫೋನ್ ಮಾಡಿದರು.

ಕ್ವಾರಿ, ನಡುಗಿದ ಮನೆ ಅಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಾಗ ಅಕ್ಕಪಕ್ಕದ ಜಿಲ್ಲೆಯವರೂ ಭೂಕಂಪ ಅಂತಲೇ ಹೊರಗೆ ಓಡಿ ಬಂದಿದ್ದರು. ತಿಂಗಳು ಕಳೆದ ಮೇಲೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅವರು ಆಟಕ್ಕೆ ಹೋದವರಲ್ಲ.

ಈಗ ಕೈಲ್ ಪೊಳ್ದ್ ಪ್ರಶ್ನೆ. ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ತೋಕಿಗೆ, ಅಂದರೆ ಕೋವಿಗೆ, ತೋಕ್ ಪೂ ಎಂಬ ಹೂ ಏರಿಸಿ ಪೂಜೆ ಮಾಡಿ, ಆಮೇಲೆ ಊರ ಮಂದ್‌ನಲ್ಲಿ (ಬಯಲಿನಲ್ಲಿ) ಕಾಯಿಗೆ ಗುಂಡು ಹೊಡೆಯುವವರಿಗೆ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಯಾಕೆ ಮನಸ್ಸಾಯಿತೋ ನನಗೆ ತಿಳಿಯದು. ಇರಲಿ, ಕಾನೂನು ಹೇಳುತ್ತೇನೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೋವಿಗೆ ಸಿಕ್ಕ ವಿನಾಯಿತಿ. ಸ್ಫೋಟಕಕ್ಕೆ 1884ರ ಸ್ಫೋಟಕ ಕಾಯ್ದೆ ಬೇರೆಯೇ ಇದೆ. ತಯಾರಿಸಲು, ಇಟ್ಟುಕೊಳ್ಳಲು, ಮಾರಲು ಲೈಸೆನ್ಸ್ ಬೇಕು. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಇದನ್ನು ನೋಡಿಕೊಳ್ಳುತ್ತದೆ. ‘ಬೆರೆಸುವ ತನಕ ಪರವಾಗಿಲ್ಲ’ ಅನ್ನುವ ಅಮೆರಿಕದ ಸಂದು ಕೂಡ ಇಲ್ಲಿ ಇಲ್ಲ. 2012ರ ಅಮೋನಿಯಂ ನೈಟ್ರೇಟ್ ನಿಯಮಗಳ ಪ್ರಕಾರ ಆ ಬಿಳಿ ಕಾಳನ್ನು ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು. ಅಲ್ಲಿ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಡಬ್ಬಿ ಇಲ್ಲಿ ತೋಟದ ಮನೆಯಲ್ಲಿ ಸಿಕ್ಕರೆ ಪೊಲೀಸರು ಮೊದಲು ಕೇಳುವ ಪ್ರಶ್ನೆ ಹಬ್ಬದ ಬಗ್ಗೆ ಇರುವುದಿಲ್ಲ.

ಅಳಿಯ ಸೆಪ್ಟೆಂಬರಿಗೆ ಊರಿಗೆ ಬರುತ್ತಾನೆ ಅಂತ ಬರೆದಿದ್ದೀರಿ. ಬರುವಾಗ ‘ಬೆರೆಸಿಲ್ಲ, ಬೇರೆ ಬೇರೆ ಪೊಟ್ಟಣ’ ಅಂತ ಒಂದು ಡಬ್ಬಿಯನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ಫೀನಿಕ್ಸ್‌ನಿಂದ ಬೆಂಗಳೂರಿನವರೆಗೆ ಯಾವ ವಿಮಾನ ನಿಲ್ದಾಣದವರೂ ಆ ಮಾತು ಕೇಳುವುದಿಲ್ಲ. ಕಾಯಿ ನಿಮ್ಮ ತೋಟದಲ್ಲೇ ಇದೆ.

– ಸಂಪಾದಕ